ಅಂಗಡಿಯ ದೀಪಕ್ಕಿಂತ ಮೊದಲು ಮನೆಯ ಕಿಟಕಿ: ನಿಮಗೊಪ್ಪುವ ಕಲ್ಲಿನ ಒಡವೆ ಆರಿಸುವ ಬಗೆ

ಒಡವೆ ಅಂಗಡಿಯ ದೀಪದ ಕೆಳಗೆ ಚೆಂದ ಕಾಣದ ಕಲ್ಲು ಎಂಬುದೇ ಇಲ್ಲ. ಕಪ್ಪು ಮಖಮಲ್ಲಿನ ತಟ್ಟೆ, ತಲೆಯ ಮೇಲೆ ನಾಲ್ಕು ಕಡೆಯಿಂದ ಬೀಳುವ ಬೆಳಕು, ಎದುರಿಗೆ ಕನ್ನಡಿ. ಹತ್ತು ನಿಮಿಷದಲ್ಲಿ ಎಲ್ಲವೂ ಬೇಕು ಅನ್ನಿಸುತ್ತದೆ. ಮನೆಗೆ ಬಂದ ಮೇಲೆ ಅದೇ ಉಂಗುರ ಕಪ್ಪಾಗಿ, ಇಲ್ಲವೇ ನೀರುನೀರಾಗಿ ಕಾಣುತ್ತದೆ. ಎರಡು ಮದುವೆಗೆ ಹಾಕಿ ಬೀರುವಿಗೆ ಸೇರಿಸುತ್ತೀರಿ. ಆದ್ದರಿಂದ ನಿಮಗೆ ಏನು ಇಷ್ಟ ಎಂಬುದನ್ನು ಅಂಗಡಿಯಲ್ಲಿ ಹುಡುಕಬೇಡಿ, ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಅದಕ್ಕೆ ಒಂದು ಭಾನುವಾರದ ಬೆಳಗು ಸಾಕು.

ಡಬ್ಬಿ ಬಿಚ್ಚಿ ಮೂರು ಗುಡ್ಡೆ ಮಾಡಿ

ಚಿನ್ನ, ಬೆಳ್ಳಿ, ಗಿಲೀಟು, ಜಾತ್ರೆಯಲ್ಲಿ ಕೊಂಡ ಮಣಿಸರ, ಎಲ್ಲವನ್ನೂ ಬೆಡ್‌ಶೀಟಿನ ಮೇಲೆ ಹರಡಿ. ಕಳೆದ ಆರು ತಿಂಗಳಲ್ಲಿ ಮತ್ತೆಮತ್ತೆ ಹಾಕಿದ್ದು ಒಂದು ಗುಡ್ಡೆ. ಸಮಾರಂಭಕ್ಕೆ ಮಾತ್ರ ಹಾಕಿದ್ದು ಇನ್ನೊಂದು. ಹಾಕದೇ ಬಿಟ್ಟದ್ದು ಮೂರನೆಯದು.

ಹೆಚ್ಚು ಕಲಿಸುವುದು ಈ ಮೂರನೆಯ ಗುಡ್ಡೆ. ಒಂದೊಂದನ್ನೂ ಕೈಗೆತ್ತಿಕೊಂಡು ಯಾಕೆ ಹಾಕಲಿಲ್ಲ ಎಂದು ಒಂದೇ ಮಾತಿನಲ್ಲಿ ಬರೆದಿಡಿ: ಕಿವಿ ಜಗ್ಗುತ್ತದೆ, ತಿರುಪು ಕತ್ತಿಗೆ ಚುಚ್ಚುತ್ತದೆ, ಸೀರೆಯ ಎಳೆ ಹಿಡಿಯುತ್ತದೆ, ಉಂಗುರ ತಿರುಗಿ ಕಲ್ಲು ಅಂಗೈ ಕಡೆಗೆ ಹೋಗುತ್ತದೆ, ಯಾವ ಬಟ್ಟೆಗೂ ಹೊಂದದು. ಬರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಕಾರಣಗಳು ಅಂದಕ್ಕೆ ಸಂಬಂಧಿಸಿರುವುದೇ ಇಲ್ಲ. ಎಲ್ಲಾ ತೂಕ, ಅಳತೆ, ಒಡವೆ ಕಟ್ಟಿದ ಬಗೆಯ ದೋಷ. ಅಂದರೆ ನಿಮ್ಮ ಅಭಿರುಚಿ ಕೆಟ್ಟಿಲ್ಲ, ಮಾಡಿಸುವಾಗ ಅಳತೆ ಹೇಳಿರಲಿಲ್ಲ ಅಷ್ಟೆ.

ಮೊದಲ ಗುಡ್ಡೆಯನ್ನು ಅಳೆಯಿರಿ. ಓಲೆಯ ಅಗಲ ಎಷ್ಟು ಮಿಲಿಮೀಟರ್, ಸರದ ಉದ್ದ ಎಷ್ಟು ಇಂಚು, ಒಂದು ಕಿವಿಯ ತೂಕ ಎಷ್ಟು ಗ್ರಾಂ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು, ಇಲ್ಲವೇ ಪರಿಚಯದ ಅಕ್ಕಸಾಲಿಗರ ಬಳಿ ತೂಗಿಸಿ. ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಸಂಖ್ಯೆಗಳು ಇವೇ.

ಬಣ್ಣಕ್ಕೆ ಬ್ಲೌಸ್ ಪೀಸು

ಅರಿಶಿನ–ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬ್ಲೌಸ್ ಪೀಸುಗಳ ಕಟ್ಟು ಪ್ರತಿ ಮನೆಯಲ್ಲೂ ಇರುತ್ತದೆ. ಬಣ್ಣ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೆಳಗ್ಗೆ ಹತ್ತರಿಂದ ಹನ್ನೊಂದರ ನಡುವೆ, ನೇರ ಬಿಸಿಲು ಬೀಳದ ಕಿಟಕಿಯ ಎದುರು ಕನ್ನಡಿ ಇಟ್ಟು ಕೂತುಕೊಳ್ಳಿ. ಕುಂಕುಮಗೆಂಪು, ಮರೂನ್, ಬಾಟಲ್ ಹಸಿರು, ಗಿಳಿಹಸಿರು, ನೇವಿ ನೀಲಿ, ತಿಳಿನೀಲಿ, ನೇರಳೆ, ಅರಿಶಿನ, ಗುಲಾಬಿ, ಅಚ್ಚ ಬಿಳಿ, ಕೆನೆ ಬಿಳಿ: ಒಂದೊಂದನ್ನೂ ಗಲ್ಲದ ಕೆಳಗೆ ಹಿಡಿದು ಬಟ್ಟೆಯನ್ನು ನೋಡದೆ ಮುಖವನ್ನು ನೋಡಿ. ಕಣ್ಣಿನ ಕೆಳಗಿನ ಕಪ್ಪು ಹೆಚ್ಚಿದಂತೆ ಕಂಡರೆ ಆ ಬಣ್ಣ ಬೇಡ. ಮುಖ ತಿಳಿಯಾದರೆ ಪಕ್ಕಕ್ಕಿಡಿ. ಕೊನೆಗೆ ಮೂರು ನಾಲ್ಕು ಉಳಿಯುತ್ತವೆ.

ಮಣಿಕಟ್ಟಿನ ನರ ಹಸಿರಾಗಿದ್ದರೆ ಚಿನ್ನ, ನೀಲಿಯಾಗಿದ್ದರೆ ಬೆಳ್ಳಿ ಎಂಬ ಸೂತ್ರ ಎಲ್ಲೆಡೆ ಓಡಾಡುತ್ತಿದೆ. ನಮ್ಮ ಎಣ್ಣೆಗಪ್ಪು, ಗೋಧಿ, ಕಂದು ಬಣ್ಣಗಳ ಮೈಗೆ ಅದು ಹೆಚ್ಚು ಸಲ ಗೊಂದಲವನ್ನೇ ತರುತ್ತದೆ. ಬಟ್ಟೆಯ ಪರೀಕ್ಷೆಯನ್ನೇ ನಂಬಿ. ಕಪ್ಪು ಮೈಬಣ್ಣದವರಿಗೆ ಗಾಢ ಕಲ್ಲು ಒಪ್ಪದು ಎಂಬ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಗಾಢ ಮೈಬಣ್ಣದ ಮೇಲೆ ಬೆಳಕು ತುಂಬಿದ ಕೆಂಪು, ಹಸಿರು ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಕೆಡುವುದು ಕಲ್ಲು ಗಾಢವಾಗಿದ್ದಾಗ ಅಲ್ಲ, ಒಳಗೆ ಬೆಳಕೇ ಇಲ್ಲದೆ ಕಪ್ಪಾಗಿದ್ದಾಗ.

ಬಣ್ಣ ಗೊತ್ತಾಯಿತು ಅಂದಮೇಲೆ ಅದೇ ಬಣ್ಣ ಎಷ್ಟು ಕಲ್ಲುಗಳಲ್ಲಿ ಸಿಗುತ್ತದೆ ನೋಡಿ. ಕೆಂಪು ಇಷ್ಟ ಎಂದರೆ ಮಾಣಿಕ್ಯವೇ ಆಗಬೇಕಿಲ್ಲ. ಸ್ಪಿನೆಲ್ ಇದೆ, ಗಾರ್ನೆಟ್ ಇದೆ, ಕೆಂಪು ಟೂರ್ಮಲಿನ್ ಇದೆ. ಬ್ರಿಟನ್ ರಾಜಕಿರೀಟದ ಮುಂಭಾಗದಲ್ಲಿರುವ, ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಎಂದು ಹೆಸರಾದ ದೊಡ್ಡ ಕೆಂಪು ಕಲ್ಲು ನಿಜಕ್ಕೂ ಸ್ಪಿನೆಲ್. ರಾಜರ ಕಣ್ಣಿಗೇ ಅದು ಒಪ್ಪಿತ್ತು. ಹಸಿರಿಗೆ ಪಚ್ಚೆಯಲ್ಲದೆ ಸಾವೊರೈಟ್ ಎಂಬ ಹಸಿರು ಗಾರ್ನೆಟ್, ಎಳೆ ಹಸಿರಿಗೆ ಪೆರಿಡಾಟ್. ನೀಲಿಗೆ ಇಂದ್ರನೀಲ, ಅಯೋಲೈಟ್, ಟಾಂಜನೈಟ್, ನೀಲಿ ಟೋಪಾಜ್. ಹಳದಿಗೆ ಪುಷ್ಯರಾಗ ಅಥವಾ ಸಿಟ್ರಿನ್. ನೇರಳೆಗೆ ಅಮೆಥಿಸ್ಟ್, ಆದರೆ ಅದನ್ನು ದಿನಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಬಣ್ಣ ಮಂಕಾಗುತ್ತದೆ.

ಅಳತೆ: ನೂಲು, ಕಾಗದ, ಸ್ಕೇಲು

ಸರಕ್ಕೆ ದಪ್ಪ ನೂಲು ತೆಗೆದುಕೊಂಡು 16, 18, 24, 30 ಇಂಚಿಗೆ ಗಂಟು ಹಾಕಿ ಕೊರಳಿಗೆ ಹಾಕಿ ನೋಡಿ. 16 ಇಂಚು ಅಡ್ಡಿಕೆಯಂತೆ ಕತ್ತಿನ ಬುಡಕ್ಕೆ ಕೂರುತ್ತದೆ, 18 ಕೊರಳ ಗುಳಿಯ ಕೆಳಗೆ, 24 ಎದೆಯ ಮೇಲೆ. ಕತ್ತು ಗಿಡ್ಡ, ಮೈ ತುಂಬಿದ್ದರೆ ಎಲ್ಲವೂ ಒಂದೆರಡು ಇಂಚು ಮೇಲೆ ಸರಿಯುತ್ತದೆ. ಕರಿಮಣಿ ಸರ ದಿನವೂ ಹಾಕುವವರು ಅದನ್ನು ಹಾಕಿಕೊಂಡೇ ನೂಲು ಹಿಡಿಯಬೇಕು. ಎರಡರ ತುದಿಗಳ ನಡುವೆ ಕನಿಷ್ಠ ನಾಲ್ಕು ಬೆರಳು ಅಂತರವಿಲ್ಲದಿದ್ದರೆ ಪದಕಗಳು ಒಂದಕ್ಕೊಂದು ಉಜ್ಜಿ, ಮೆತ್ತನೆಯದು ಸವೆಯುತ್ತದೆ.

ಉಂಗುರಕ್ಕೆ ಬೆರಳ ಸುತ್ತ ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿ ಮಿಲಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆ ಸುಮಾರು 52 ಮಿ.ಮೀ. ಬಂದರೆ ಇಲ್ಲಿನ ಅಂಗಡಿಗಳಲ್ಲಿ 12ನೇ ನಂಬರು, ಅಮೆರಿಕದಲ್ಲಿ ಅದಕ್ಕೆ 6 ಅನ್ನುತ್ತಾರೆ. ವಿದೇಶದಲ್ಲಿರುವ ಮಗಳಿಗೋ ತಂಗಿಗೋ ಇಲ್ಲಿಂದ ಮಾಡಿಸುವವರು ನಂಬರು ಕೇಳದೆ ಮಿಲಿಮೀಟರ್ ಕೇಳಿ. ಬೆಳಗ್ಗೆ ಅಳೆಯಬೇಡಿ. ಸಂಜೆಗೆ ಬೆರಳು ಸ್ವಲ್ಪ ಊದಿರುತ್ತದೆ, ಆಗಿನ ಅಳತೆಯೇ ಸರಿ. ಗೆಣ್ಣು ದಪ್ಪವಿದ್ದರೆ ಗೆಣ್ಣನ್ನೂ ಅಳೆದು ಎರಡರ ನಡುವಿನದು ಇಟ್ಟುಕೊಳ್ಳಿ. ಉಂಗುರದ ಪಟ್ಟಿ ಅಗಲವಾದಷ್ಟೂ ಬೆರಳಿಗೆ ಬಿಗಿಯಾಗುತ್ತದೆ. 6 ಮಿ.ಮೀ.ಗಿಂತ ಅಗಲದ್ದಕ್ಕೆ ಅರ್ಧದಿಂದ ಒಂದು ನಂಬರು ಹೆಚ್ಚಿಸಿ.

ಬಳೆಯ 2.4, 2.6 ದಶಮಾಂಶವಲ್ಲ. ಚುಕ್ಕಿಯ ಬಲಗಡೆ ಇರುವುದು ಇಂಚಿನ ಹದಿನಾರನೆಯ ಭಾಗಗಳು. 2.4 ಅಂದರೆ ಒಳವ್ಯಾಸ ಸುಮಾರು 57 ಮಿ.ಮೀ., 2.6 ಅಂದರೆ 60, 2.8 ಅಂದರೆ 63.5. ಕಲ್ಲಿನ ಬಳೆಯ ಒಳಮೈ ಕಲ್ಲಿನ ಬುಡದಿಂದಾಗಿ ದಪ್ಪವಿರುತ್ತದೆ, ಗಾಜಿನ ಬಳೆಯ ಅಳತೆ ಅದಕ್ಕೆ ಹೊಂದಲಿಕ್ಕಿಲ್ಲ.

ಕಿವಿಗೆ ತೂಕವೇ ಎಲ್ಲ. ದಿನವೂ ಹಾಕುವ ಓಲೆ ಒಂದು ಕಿವಿಗೆ 3–4 ಗ್ರಾಂ ದಾಟದಿರಲಿ. 8–10 ಗ್ರಾಂ ಜುಮಕಿ ಬೇಕೇ ಬೇಕು ಅನ್ನುವವರು ಮಾಟಿಯನ್ನೂ ಜೊತೆಗೇ ಮಾಡಿಸಿ. ತೂಕದ ಒಂದಂಶವನ್ನು ಅದು ಕೂದಲಿಗೆ ದಾಟಿಸುತ್ತದೆ. ಹಾಲೆಯ ತೂತು ಈಗಾಗಲೇ ಉದ್ದವಾಗಿದ್ದರೆ ತಿರುಪಿನ ಹಿಂದಿನ ಬಿಲ್ಲೆ ಅಗಲವಾಗಿರಲಿ.

ಏಳು ಕಲ್ಲಿನ ಓಲೆ ಮಾಡಿಸುವವರಿಗೆ ಒಂದು ಲೆಕ್ಕ. ನಡುವೆ ಒಂದು, ಸುತ್ತ ಆರು, ಹಾಗಾಗಿ ಅಡ್ಡಕ್ಕೆ ಮೂರು ಕಲ್ಲು ಬರುತ್ತವೆ. 3 ಮಿ.ಮೀ. ವಜ್ರ ಸುಮಾರು 10 ಸೆಂಟ್ ತೂಗುತ್ತದೆ (ನೂರು ಸೆಂಟ್ ಸೇರಿದರೆ ಒಂದು ಕ್ಯಾರೆಟ್). ಏಳು ಸೇರಿ 70 ಸೆಂಟ್, ಜೋಡಿಗೆ 1.4 ಕ್ಯಾರೆಟ್, ಚಿನ್ನದ ಅಂಚು ಸೇರಿ ಓಲೆಯ ಅಗಲ 10–11 ಮಿ.ಮೀ. ಕಲ್ಲು 2.5 ಮಿ.ಮೀ.ಗೆ ಇಳಿಸಿದರೆ ಒಂದೊಂದು 6 ಸೆಂಟ್, ಅಗಲ 8.5–9 ಮಿ.ಮೀ. ಅಂದರೆ ಓಲೆ ಬರೀ 2 ಮಿ.ಮೀ. ಕಿರಿದಾದಾಗ ವಜ್ರದ ತೂಕ ಶೇಕಡಾ 40ರಷ್ಟು ಕಡಿಮೆಯಾಗುತ್ತದೆ. ಸಣ್ಣ ಮುಖದವರಿಗೆ ಕಿರಿದೇ ಒಪ್ಪುತ್ತದೆ. ಕಾಗದದಲ್ಲಿ ಎರಡೂ ಅಳತೆಯ ವೃತ್ತ ಕತ್ತರಿಸಿ ಕಿವಿಗೆ ಅಂಟಿಸಿ ಒಂದು ಮಾರು ದೂರದಿಂದ ಕನ್ನಡಿ ನೋಡಿ. ಹಣ ಉಳಿಸುವ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ನಿಮ್ಮ ಕೈ ಮಾಡುವ ಕೆಲಸಕ್ಕೆ ಕಲ್ಲು ತಡೆಯುತ್ತದೆಯೇ

ಇಲ್ಲಿ ಇಷ್ಟವನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು. ಕಲ್ಲಿನ ಗಟ್ಟಿತನವನ್ನು ಮೋಸ್ ಎಂಬ ಖನಿಜತಜ್ಞ 1812ರಲ್ಲಿ ರೂಪಿಸಿದ 1ರಿಂದ 10ರ ಅಳತೆಯಲ್ಲಿ ಹೇಳುತ್ತಾರೆ. ವಜ್ರ 10, ಮಾಣಿಕ್ಯ, ಇಂದ್ರನೀಲ, ಪುಷ್ಯರಾಗ 9, ವೈಡೂರ್ಯ 8.5, ಸ್ಪಿನೆಲ್ ಮತ್ತು ಟೋಪಾಜ್ 8, ಪಚ್ಚೆ 7.5–8, ಗೋಮೇಧಿಕ ಸೇರಿದ ಗಾರ್ನೆಟ್ ಕುಟುಂಬ 6.5–7.5, ಅಮೆಥಿಸ್ಟ್ ಮತ್ತು ಸಿಟ್ರಿನ್ 7, ಚಂದ್ರಕಾಂತ ಶಿಲೆ 6–6.5, ಓಪಲ್ 5.5–6.5, ಹವಳ 3–4, ಮುತ್ತು 2.5–4.5.

ಇದರಲ್ಲಿ ನೆನಪಿಡಬೇಕಾದ ಸಂಖ್ಯೆ 7. ನಮ್ಮ ಮನೆಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಮರಳೆಂದರೆ ಕ್ವಾರ್ಟ್ಜ್, ಅದರ ಗಟ್ಟಿತನ 7. ಅದಕ್ಕಿಂತ ಮೆತ್ತಗಿನ ಕಲ್ಲನ್ನು ದಿನವೂ ಉಂಗುರದಲ್ಲಿ ಹಾಕಿ, ಸೆರಗಿನಿಂದ ಒರೆಸುತ್ತಾ ಬಂದರೆ ಒಂದೆರಡು ವರ್ಷದಲ್ಲಿ ಹೊಳಪು ಹೋಗುತ್ತದೆ. ಕಿವಿ, ಕೊರಳಲ್ಲಿ ಅದೇ ಕಲ್ಲು ದಶಕಗಟ್ಟಲೆ ಚೆನ್ನಾಗಿರುತ್ತದೆ. ಓಪಲ್, ಚಂದ್ರಕಾಂತ ಶಿಲೆ, ಮುತ್ತು ಇಷ್ಟವಾದವರು ಉಂಗುರ ಬಿಟ್ಟು ಓಲೆ ಅಥವಾ ಪದಕ ಮಾಡಿಸಿ.

ಗಟ್ಟಿತನ ಬೇರೆ, ಒಡೆಯದಿರುವುದು ಬೇರೆ. ಗೆರೆ ಬೀಳದ ವಜ್ರವೂ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಏಟು ಬಿದ್ದರೆ ಸೀಳುತ್ತದೆ. ಟೋಪಾಜ್, ಟಾಂಜನೈಟ್‌ಗೂ ಅದೇ ಗುಣ. ಪಚ್ಚೆಯ ಒಳಗೆ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ, ಸ್ಟೀಲ್ ಸಿಂಕಿಗೆ ಒಮ್ಮೆ ತಗುಲಿದರೆ ಮೂಲೆ ಹಾರಬಹುದು. ಪಾತ್ರೆ, ಬೈಕಿನ ಹ್ಯಾಂಡಲ್, ತೋಟದ ಕೆಲಸ ಇರುವ ಕೈಗೆ ಮಾಣಿಕ್ಯ ಅಥವಾ ಇಂದ್ರನೀಲವೇ ಸರಿ, ಅದೂ ಸುತ್ತ ಚಿನ್ನದ ಅಂಚು ಹಿಡಿದು ಕೂರಿಸಿದ್ದು.

ಕೂರಿಸುವ ಬಗೆ

ಓಪನ್ ಸೆಟ್ಟಿಂಗ್‌ನಲ್ಲಿ ಕಲ್ಲಿನ ಬೆನ್ನು ತೆರೆದಿರುತ್ತದೆ, ಬೆಳಕು ಒಳಗೆ ಹೋಗಿ ಬರುತ್ತದೆ, ತೊಳೆಯುವುದು ಸುಲಭ. ಕ್ಲೋಸ್ ಸೆಟ್ಟಿಂಗ್‌ನಲ್ಲಿ ಬೆನ್ನು ಮುಚ್ಚಿರುತ್ತದೆ. ನಮ್ಮ ಹಳೆಯ ಕೆಂಪಿನ ಅಡ್ಡಿಕೆ, ಬುಗುಡಿ, ನಾಗರ ಜಡೆಬಿಲ್ಲೆಗಳೆಲ್ಲ ಇದೇ ಬಗೆಯವು. ಕಲ್ಲಿನ ಹಿಂದೆ ಹೊಳೆಯುವ ತೆಳು ತಗಡು, ಒಳಗೆ ಕೆಲವೊಮ್ಮೆ ಅರಗು. ನಿಗಿನಿಗಿ ಕೆಂಡದಂಥ ಆ ನೋಟ ಓಪನ್ ಸೆಟ್ಟಿಂಗ್‌ಗೆ ಬರುವುದೇ ಇಲ್ಲ. ಅದು ಇಷ್ಟವಾದರೆ ಅದನ್ನೇ ಮಾಡಿಸಿ, ಆದರೆ ನೀರಿನಿಂದ ದೂರ ಇಡಬೇಕೆಂದು ಗೊತ್ತಿರಲಿ. ನೀರು ಒಳಗಿಳಿದರೆ ತಗಡು ಕಪ್ಪಾಗಿ, ಕಲ್ಲು ಸತ್ತಂತೆ ಕಾಣುತ್ತದೆ.

22 ಕ್ಯಾರೆಟ್ ಚಿನ್ನ ಮೆತ್ತಗೆ, ಕಲ್ಲು ಹಿಡಿಯುವ ಸಣ್ಣ ಪ್ರಾಂಗ್‌ಗಳು ಬಾಗುತ್ತವೆ. ಒಂದೇ ದೊಡ್ಡ ಕಲ್ಲಿನ ಉಂಗುರಕ್ಕೆ 18 ಕ್ಯಾರೆಟ್ ಒಳ್ಳೆಯದು, ಪ್ರಾಂಗ್ ನಾಲ್ಕಕ್ಕಿಂತ ಆರು ಇದ್ದರೆ ಒಂದು ಹೋದರೂ ಕಲ್ಲು ಉಳಿಯುತ್ತದೆ. ಬಿಳಿ ಚಿನ್ನ ಇಷ್ಟಪಡುವವರು ಎರಡು ವಿಷಯ ಕೇಳಿಕೊಳ್ಳಿ: ನಿಕ್ಕಲ್ ಬೆರೆಸಿದೆಯೇ, ರೋಡಿಯಂ ಲೇಪನ ಮತ್ತೆ ಹಾಕಿಸಲು ಎಷ್ಟು. ಲೇಪನ ಸವೆದಾಗ ಕೆಳಗಿನ ಹಳದಿ ಛಾಯೆ ಕಾಣುತ್ತದೆ. ಕಿವಿ ಕಡಿದು ಕೆಂಪಾಗುವವರಿಗೆ ಬಹಳ ಸಲ ನಿಕ್ಕಲ್ಲೇ ಕಾರಣ.

ಅಂದಹಾಗೆ, ಕನ್ನಡದಲ್ಲಿ ಎರಡಕ್ಕೂ ‘ಕ್ಯಾರೆಟ್’ ಎಂದೇ ಬರೆಯುತ್ತೇವೆ. ಚಿನ್ನದ ಕ್ಯಾರೆಟ್ ಶುದ್ಧತೆ, 24ರಲ್ಲಿ ಎಷ್ಟು ಭಾಗ ಚಿನ್ನ ಎಂದು. ಕಲ್ಲಿನ ಕ್ಯಾರೆಟ್ ತೂಕ, 200 ಮಿಲಿಗ್ರಾಂ. ಅದರ ನೂರನೆಯ ಒಂದು ಭಾಗ ಸೆಂಟ್.

ಹೆಸರುಗಳಲ್ಲಿ ಮೋಸ ಹೋಗದಿರಿ

ಕೌಂಟರಿನಲ್ಲಿ ‘ಕೆಂಪು’ ಅಂದರೆ ಬಣ್ಣ, ‘ಮಾಣಿಕ್ಯ’ ಅಂದರೆ ಕಲ್ಲು. ಕೆಂಪಿನ ಸರದಲ್ಲಿ ಗಾಜೂ ಇರಬಹುದು. ‘ಅಮೆರಿಕನ್ ಡೈಮಂಡ್’ ಅನ್ನುವುದು ಕ್ಯೂಬಿಕ್ ಜಿರ್ಕೋನಿಯಾ, ಪ್ರಯೋಗಾಲಯದ ಸೃಷ್ಟಿ. ಜಿರ್ಕಾನ್ ಎಂಬ ಹೆಸರಿನ ನಿಜವಾದ ನೈಸರ್ಗಿಕ ಕಲ್ಲು ಬೇರೆಯೇ ಇದೆ. ಪುಷ್ಯರಾಗ ಕೇಳಿದವರಿಗೆ ‘ಟೋಪಾಜ್’ ಎಂದು ಸಿಟ್ರಿನ್ ಕೊಡುವುದು ಹಳೆಯ ಆಟ. ಪುಷ್ಯರಾಗ ಎಂದರೆ ಹಳದಿ ಸಫೈರ್, ಬಿಲ್ಲಿನಲ್ಲಿ ಹಾಗೆಂದೇ ಬರೆಸಿ. ಹಳೆಯ ಮನೆಗಳಲ್ಲಿ ಹೆಮ್ಮೆಯಿಂದ ಹೇಳುವ ‘ಬ್ಲೂ ಜಾಗರ್’ ವಜ್ರ ದಕ್ಷಿಣ ಆಫ್ರಿಕದ ಜಾಗರ್ಸ್‌ಫೊಂಟೇನ್ ಗಣಿಯಿಂದ ಬಂದ ಹೆಸರು. ಬಿಸಿಲಿನಲ್ಲಿ ನೀಲಿಯ ಸುಳಿವು ತೋರುವ ಬಿಳಿ ವಜ್ರಕ್ಕೆ ಹಾಗೆ ಕರೆಯುತ್ತಿದ್ದರು. ಈಗ ಕೌಂಟರಿನಲ್ಲಿ ಅದು ಹೊಗಳಿಕೆಯ ಮಾತಾಗಿ ಉಳಿದಿದೆ. ಪ್ರಯೋಗಾಲಯದ ವರದಿಯಲ್ಲಿರುವ ಬಣ್ಣದ ದರ್ಜೆಯ ಅಕ್ಷರ ಮತ್ತು ಫ್ಲೋರೆಸೆನ್ಸ್ (ನೇರಳಾತೀತ ಬೆಳಕಿಗೆ ಕಲ್ಲು ಹೊಳೆಯುವ ಗುಣ) ಸಾಲನ್ನು ನೋಡಿ.

ಸಂಸ್ಕರಣೆ ತಪ್ಪಲ್ಲ, ಮುಚ್ಚಿಡುವುದು ತಪ್ಪು. ಮಾಣಿಕ್ಯ, ಇಂದ್ರನೀಲಗಳನ್ನು ಕಾಯಿಸಿ ಬಣ್ಣ ತಿಳಿಗೊಳಿಸುತ್ತಾರೆ, ಅದು ಶಾಶ್ವತ. ಪಚ್ಚೆಯ ಬಿರುಕಿಗೆ ಎಣ್ಣೆ ತುಂಬುತ್ತಾರೆ, ಅದು ವರ್ಷಗಳಲ್ಲಿ ಒಣಗಿ ಬಿರುಕು ಕಾಣತೊಡಗುತ್ತದೆ, ಮತ್ತೆ ಎಣ್ಣೆ ಹಾಕಿಸಬಹುದು. ನೀಲಿ ಟೋಪಾಜ್‌ನ ಬಣ್ಣ ಸಾಮಾನ್ಯವಾಗಿ ವಿಕಿರಣ ಮತ್ತು ಶಾಖದಿಂದ ಬಂದದ್ದು. ನಿಜವಾಗಿ ಹುಷಾರಾಗಿರಬೇಕಾದದ್ದು ಸೀಸದ ಗಾಜು ತುಂಬಿದ ಮಾಣಿಕ್ಯದ ಬಗ್ಗೆ. ಬಿರುಕಿನಿಂದಾಗಿ ಬೆಳಕೇ ಹಾಯದ ಅಗ್ಗದ ಕಲ್ಲಿಗೆ ಗಾಜು ತುಂಬಿ ಪಾರದರ್ಶಕ ಮಾಡಿರುತ್ತಾರೆ. ದೊಡ್ಡದು, ಕೆಂಪಾಗಿದೆ, ಬೆಲೆ ಆಶ್ಚರ್ಯಕ್ಕೆ ಕಡಿಮೆ ಎಂದರೆ ಅದೇ ಇರಬಹುದು. ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಕಲ್ಲನ್ನು ನಿಧಾನವಾಗಿ ಹೊರಳಿಸಿದರೆ ಒಳಗೆ ಚಪ್ಪಟೆ ಗುಳ್ಳೆಗಳು, ನೀಲಿ ಮಿಂಚು ಕಾಣುತ್ತವೆ. ಅಕ್ಕಸಾಲಿಗರು ಉಂಗುರ ಕಿರಿದು ಮಾಡಲು ಬೆಂಕಿ ಹಿಡಿದರೆ, ಆಸಿಡ್‌ನಲ್ಲಿ ಅದ್ದಿದರೆ ಆ ಕಲ್ಲು ಹಾಳು. ನಿಂಬೆರಸದಂಥ ಹುಳಿಯೂ ಅದರ ಗಾಜನ್ನು ಕೊರೆಯುತ್ತದೆ.

ಪ್ರಯೋಗಾಲಯದ ವಜ್ರ ನಿಜವಾದ ವಜ್ರವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ನೋಟ ಮಾತ್ರ ಬೇಕೆನ್ನುವವರಿಗೆ ಒಳ್ಳೆಯ ಆಯ್ಕೆ, ಮಾರಲು ಹೋದಾಗ ಬೆಲೆ ಸಿಗಬೇಕೆನ್ನುವವರಿಗೆ ಅಲ್ಲ. ಕೌಂಟರಿನಲ್ಲಿ ಪೆನ್ನಿನಂಥ ಯಂತ್ರ ತೋರಿಸಿ ‘ನೋಡಿ, ಬೀಪ್ ಬಂತು’ ಅಂದರೆ ತಲೆಯಾಡಿಸಬೇಡಿ. ಶಾಖ ಮಾತ್ರ ಅಳೆಯುವ ಯಂತ್ರಕ್ಕೆ ಮೊಯಿಸನೈಟ್ ಎಂಬ, ವಜ್ರದಂತೆ ಕಾಣುವ ಬೇರೆ ಕಲ್ಲು ಕೂಡ ವಜ್ರವಾಗಿಯೇ ಕಾಣುತ್ತದೆ.

ಮುತ್ತಿಗೆ ಮಾತ್ರ ಮನೆಮದ್ದಿನಂಥ ಪರೀಕ್ಷೆಯೊಂದಿದೆ. ಮುಂಹಲ್ಲಿನ ಅಂಚಿಗೆ ಹಗುರವಾಗಿ ಉಜ್ಜಿ. ಸಣ್ಣ ಮರಳಿನಂತೆ ತರಿತರಿ ಅನ್ನಿಸಿದರೆ ಮುತ್ತು, ನುಣ್ಣಗೆ ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್. ಸಾಕಿದ ಮುತ್ತೋ ಸಮುದ್ರದಲ್ಲಿ ತಾನಾಗಿ ಹುಟ್ಟಿದ್ದೋ ಎಂಬುದು ಇದರಿಂದ ತಿಳಿಯುವುದಿಲ್ಲ. ಇಂದು ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಸಾಕಿದವೇ.

ಅಂಗಡಿಯಲ್ಲಿ

ಆರಿಸಿದ ಒಡವೆಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ತನ್ನಿ. ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಹಳದಿ ದೀಪದಲ್ಲಿ ಮಾಣಿಕ್ಯ ಇದ್ದದ್ದಕ್ಕಿಂತ ಚೆಂದ ಕಾಣುತ್ತದೆ, ಇಂದ್ರನೀಲ ಮಸಿಯಾಗುತ್ತದೆ. ಸಂಜೆ ಹೋಗಿ ಬಣ್ಣದ ಕಲ್ಲು ಆರಿಸುವುದು ಕತ್ತಲಲ್ಲಿ ಸೀರೆ ಆರಿಸಿದಂತೆ. ಕಲ್ಲನ್ನು ನೇರ ಮೇಲಿನಿಂದ ನೋಡಿದಾಗ ನಡುವೆ ಕಿಟಕಿಯಂತೆ ಪಾರಾಗಿ ನಿಮ್ಮ ಬೆರಳೇ ಕಂಡರೆ, ತೂಕ ಉಳಿಸಲು ಬುಡ ಚಪ್ಪಟೆಯಾಗಿ ಕೊರೆದಿದ್ದಾರೆ ಎಂದರ್ಥ. ಅದರ ನಡುವಿನ ಬಣ್ಣ ಯಾವತ್ತೂ ತೆಳುವೇ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ನೋಡಿ ಬಣ್ಣ ತೀರ್ಮಾನಿಸಬೇಡಿ, ಕ್ಯಾಮರಾ ಕೆಂಪು ಹಸಿರುಗಳನ್ನು ತನ್ನಿಷ್ಟದಂತೆ ತಿದ್ದಿರುತ್ತದೆ.

ಕಲ್ಲುಗಳನ್ನು ಹೋಲಿಸುವಾಗ ಕ್ಯಾರೆಟ್ ಜೊತೆ ಮಿಲಿಮೀಟರನ್ನೂ ಕೇಳಿ. ಮಾಣಿಕ್ಯ ವಜ್ರಕ್ಕಿಂತ ಭಾರ, ಪಚ್ಚೆ ಹಗುರ. ಒಂದೇ ಒಂದು ಕ್ಯಾರೆಟ್‌ನ ದುಂಡು ವಜ್ರ ಸುಮಾರು 6.5 ಮಿ.ಮೀ. ಇದ್ದರೆ, ಮಾಣಿಕ್ಯ ಅದಕ್ಕಿಂತ ಕಿರಿದು, ಪಚ್ಚೆ ಹಿರಿದು.

ಬಿಲ್ಲಿನ ಬಗ್ಗೆ ಇಷ್ಟು ಗಮನವಿಡಿ. ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ಚಿನ್ನದ ತೂಕ ಮೂರೂ ಬೇರೆಬೇರೆ ಸಾಲಿನಲ್ಲಿರಬೇಕು. 12.500 ಗ್ರಾಂ ನೆಕ್ಲೆಸಿನಲ್ಲಿ 5 ಕ್ಯಾರೆಟ್ ಕಲ್ಲಿದ್ದರೆ ಅದು ಒಂದು ಗ್ರಾಂ. ಚಿನ್ನದ ಬೆಲೆ 11.500ಕ್ಕೆ ಮಾತ್ರ ಹಾಕಬೇಕು. ವೇಸ್ಟೇಜ್ ಶೇಕಡಾ 12 ಅಂದರೆ ಅದೂ 11.500ರ ಮೇಲೆ, ಅಂದರೆ 1.380 ಗ್ರಾಂ. ಒಟ್ಟು ತೂಕದ ಮೇಲೆ ಹಾಕಿದರೆ ಕಲ್ಲಿಗೆ ಎರಡು ಸಲ ದುಡ್ಡು ಕೊಟ್ಟಂತೆ, ಒಮ್ಮೆ ಕಲ್ಲಿನ ಬೆಲೆಗೆ, ಇನ್ನೊಮ್ಮೆ ಚಿನ್ನದ ಬೆಲೆಗೆ. ಅರಗು ತುಂಬಿದ ಒಡವೆಯಾದರೆ ಅರಗಿನ ತೂಕ ಎಷ್ಟು ಕಳೆದಿದ್ದೀರಿ ಎಂದೂ ಕೇಳಿ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಬೇರೆಬೇರೆಯಾದ ಗುರುತಿನ ಸಂಖ್ಯೆ, ಕಡ್ಡಾಯ. ಬಿಐಎಸ್ ಮುದ್ರೆ, 22ಕೆ916 ಅಥವಾ 18ಕೆ750 ಎಂಬ ಶುದ್ಧತೆ, ಈ ಸಂಖ್ಯೆ, ಮೂರನ್ನೂ ಲೂಪ್‌ನಲ್ಲಿ ಓದಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ನೋಡಿ. 2 ಗ್ರಾಂಗಿಂತ ಕಡಿಮೆಯ ಒಡವೆಗೆ ವಿನಾಯಿತಿ ಇದೆ, ಹಾಗಾಗಿ ಮೂಗುಬೊಟ್ಟಿನಲ್ಲಿ ಇದನ್ನು ಹುಡುಕಬೇಡಿ. ಕುಂದನ್, ಪೋಲ್ಕಿ, ಜಡಾವ್ ಒಡವೆಗಳಿಗೂ ವಿನಾಯಿತಿ. ಬಹಳ ಜನ ತಪ್ಪು ತಿಳಿಯುವುದು ಇಲ್ಲಿ: ಹಾಲ್‌ಮಾರ್ಕ್ ಚಿನ್ನದ ಬಗ್ಗೆ ಮಾತ್ರ ಹೇಳುತ್ತದೆ, ಕಲ್ಲಿನ ಬಗ್ಗೆ ಒಂದಕ್ಷರವೂ ಇಲ್ಲ. ಕಲ್ಲಿಗೆ ಬೇರೆ ಪ್ರಯೋಗಾಲಯದ ವರದಿ ಬೇಕು, ಅಂಗಡಿಯದೇ ಕಾರ್ಡು ವರದಿಯಲ್ಲ. ಸಣ್ಣ ಗಾರ್ನೆಟ್‌ಗೆ ವರದಿ ಮಾಡಿಸುವುದು ದಂಡ. ಮಾಣಿಕ್ಯ, ಪಚ್ಚೆ, ಇಂದ್ರನೀಲ, ಪುಷ್ಯರಾಗ ಒಂದು ಕ್ಯಾರೆಟ್ ದಾಟಿದರೆ ಬಿಡಬೇಡಿ.

ಮರಳಿ ಕೊಟ್ಟರೆ ಕಲ್ಲಿಗೆ ಶೇಕಡಾ ಎಷ್ಟು ಎಂಬುದನ್ನು ಕೊಳ್ಳುವ ದಿನವೇ ಬಿಲ್ಲಿನ ಮೇಲೆ ಬರೆಸಿ. ಬಾಯಿಮಾತಿನ ‘ನಮ್ಮಲ್ಲೇ ತಗೋತೀವಿ’ ಎಂಬುದು ಸಾಮಾನ್ಯವಾಗಿ ಚಿನ್ನಕ್ಕೆ ಮಾತ್ರ. ಕೊಡಗು–ಸುಬ್ರಹ್ಮಣ್ಯ ಕಡೆಯ ಕಾಡಿನ ಹರಳುಕಲ್ಲು ಎಂದು ಯಾರಾದರೂ ಗುಟ್ಟಾಗಿ ಕೆಂಪು ಕಲ್ಲು ತೋರಿಸಿದರೆ ದೂರವಿರಿ. ಆ ಅಗೆತ ಅಕ್ರಮ, ಕಲ್ಲೂ ಒಡವೆ ದರ್ಜೆಯದಾಗಿರುವುದು ಅಪರೂಪ.

ಜಾತಕ ನೋಡಿ ಕಲ್ಲು ಹಾಕುವವರಿಗೆ

ನಂಬಿಕೆಯ ತಂಟೆಗೆ ಹೋಗುವುದಿಲ್ಲ, ಲೆಕ್ಕ ಮಾತ್ರ. ‘ಐದೂಕಾಲು ರತ್ತಿ’ ಎಂದು ಬರೆದುಕೊಟ್ಟರೆ ಯಾವ ರತ್ತಿ ಎಂದು ಕೇಳಿ. ಕಲ್ಲಿನ ವ್ಯಾಪಾರದ ರತ್ತಿ ಸುಮಾರು 0.91 ಕ್ಯಾರೆಟ್, ಚಿನ್ನ ತೂಗುವ ಹಳೆಯ ರತ್ತಿ ಸುಮಾರು 0.61 ಕ್ಯಾರೆಟ್. ಮೊದಲನೆಯದರಲ್ಲಿ ಅದು 4.78 ಕ್ಯಾರೆಟ್, ಎರಡನೆಯದರಲ್ಲಿ ಸುಮಾರು 3.2. ಪುಷ್ಯರಾಗದಲ್ಲಿ ಈ ವ್ಯತ್ಯಾಸ ಸಣ್ಣ ಮೊತ್ತವಲ್ಲ. ತೂಕದ ಹಟಕ್ಕೆ ಬಿದ್ದು ಮಂಕು ಕಲ್ಲು ಕೊಳ್ಳುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಬೆನ್ನು ತೆರೆದು ಮೈಗೆ ತಾಗುವಂತೆ ಕೂರಿಸಿದ ಉಂಗುರದ ಹಿಂದೆ ಸೋಪು, ಹಿಟ್ಟು, ಗಂಧ ಸೇರಿಕೊಳ್ಳುತ್ತದೆ, ವಾರಕ್ಕೊಮ್ಮೆ ಅಲ್ಲಿ ಬ್ರಷ್ ಆಡಿಸಿ. ಹವಳ, ಮುತ್ತಿನ ಉಂಗುರ ಹಾಕಿದ ಕೈಯಲ್ಲಿ ಹುಣಸೆಹಣ್ಣು ಕಿವುಚಬೇಡಿ. ಎರಡೂ ಸುಣ್ಣದ ಜಾತಿಯವು, ಹುಳಿಗೆ ಕರಗುತ್ತವೆ.

ಅಜ್ಜಿಯ ಒಡವೆ ಕರಗಿಸುವ ಮುನ್ನ

ಮೊದಲು ಎದುರಿನದೂ ಹಿಂದಿನದೂ ಚಿತ್ರ ತೆಗೆದು, ಕಲ್ಲು ಎಣಿಸಿ, ತೂಗಿಸಿ ಬರೆದಿಡಿ. ಕ್ಲೋಸ್ ಸೆಟ್ಟಿಂಗ್‌ನಿಂದ ಕಿತ್ತ ಕಲ್ಲು ಅಂಗೈಯಲ್ಲಿ ಮಂಕಾಗಿ ಕಂಡರೆ ಯಾರೋ ಬದಲಿಸಿದರು ಎಂದು ಗಾಬರಿಯಾಗಬೇಡಿ. ಬುಡ ಚಪ್ಪಟೆ ಇರುವ ಆ ಕಲ್ಲುಗಳಿಗೆ ಹೊಳಪು ಕೊಡುತ್ತಿದ್ದದ್ದು ಹಿಂದಿನ ತಗಡು. ಅವನ್ನು ಓಪನ್ ಸೆಟ್ಟಿಂಗ್‌ಗೆ ಹಾಕಿಸಿದರೆ ಜೀವ ಬರುವುದಿಲ್ಲ, ಮತ್ತೆ ಮುಚ್ಚಿದ ಮನೆಯಲ್ಲೇ ಕೂರಿಸಬೇಕು. ಕಲೆಯಿಲ್ಲದ, ಒಂದೇ ಬಣ್ಣದ ಕೆಂಪು ಕಲ್ಲುಗಳು ಕೃತಕ ಮಾಣಿಕ್ಯವೂ ಆಗಿರಬಹುದು. ಕೃತಕ ಮಾಣಿಕ್ಯ ತಯಾರಿಕೆ 20ನೇ ಶತಮಾನದ ಆರಂಭದಿಂದಲೇ ಇದೆ, ಹಳೆಯದು ಎಂದಮಾತ್ರಕ್ಕೆ ನೈಸರ್ಗಿಕ ಅಲ್ಲ. ಒಂದೆರಡನ್ನು ಪರೀಕ್ಷಿಸಿದ ಮೇಲೆ ಕೂಲಿಯ ಮಾತಾಡಿ. ಕಸುಬು ಚೆನ್ನಾಗಿದ್ದ ಹಳೆಯ ಒಡವೆಯನ್ನು ಕರಗಿಸದೆ ತಿರುಪು, ಕೊಂಡಿ ಮಾತ್ರ ಬದಲಿಸಿಕೊಂಡು ಹಾಕುವುದೇ ಎಷ್ಟೋ ಸಲ ಒಳ್ಳೆಯ ಆಯ್ಕೆ. ಇವತ್ತು ಅದೇ ಕೈಕೆಲಸಕ್ಕೆ ಜನ ಸಿಗುವುದು ಕಷ್ಟ.

ತೊಳೆಯುವುದು, ಇಡುವುದು

ವಜ್ರಕ್ಕೆ ಜಿಡ್ಡು ಹಿಡಿಯುವ ಗುಣ ಹೆಚ್ಚು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಮನೆಯಲ್ಲಿ ಓಲೆ ಮಂಕಾಗಲು ಹದಿನೈದು ದಿನ ಸಾಕು. ಓಪನ್ ಸೆಟ್ಟಿಂಗ್‌ನ ವಜ್ರ, ಮಾಣಿಕ್ಯ, ಇಂದ್ರನೀಲಕ್ಕೆ ಒಂದು ಬಟ್ಟಲು ಉಗುರುಬೆಚ್ಚಗಿನ ನೀರು, ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರವ, ಹತ್ತು ನಿಮಿಷ ನೆನೆಸಿ ಮಕ್ಕಳ ಮೆತ್ತನೆ ಬ್ರಷ್‌ನಿಂದ ಹಿಂಬದಿ ತಿಕ್ಕಿ. ಅಂಟುವಾಳದ ನೀರೂ ನಡೆಯುತ್ತದೆ. ಸಿಂಕಿನ ಮೇಲೆ ತೊಳೆಯಬೇಡಿ, ಬಟ್ಟಲಿನಲ್ಲೇ ಜಾಲಿಸಿ. ಟೂತ್‌ಪೇಸ್ಟು, ಸೋಡಾಪುಡಿ ಎರಡೂ ಚಿನ್ನವನ್ನೂ ಮೆತ್ತನೆ ಕಲ್ಲನ್ನೂ ಗೀರುತ್ತವೆ. ಪಚ್ಚೆಗೆ ಬಿಸಿನೀರು, ಅಲ್ಟ್ರಾಸಾನಿಕ್ ಯಂತ್ರ ಎರಡೂ ಬೇಡ, ಎಣ್ಣೆ ಹೊರಬರುತ್ತದೆ. ಮುತ್ತು, ಹವಳ, ಓಪಲ್ ಮತ್ತು ಅರಗಿನ ಒಡವೆಗೆ ಒದ್ದೆ ಹಿಂಡಿದ ಬಟ್ಟೆಯ ಒರೆತ ಮಾತ್ರ.

ಮುತ್ತನ್ನು ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಹಾಕಿ, ಮನೆಗೆ ಬಂದ ತಕ್ಷಣ ಮೊದಲು ತೆಗೆಯಿರಿ. ಮಲ್ ಬಟ್ಟೆಯಲ್ಲಿ ಸುತ್ತಿ ಮಲಗಿಸಿಡಿ. ತೂಗುಹಾಕಿದರೆ ದಾರ ಜಗ್ಗುತ್ತದೆ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿ ಬಿರುಕು ಬಿಡಬಹುದು. ರೇಷ್ಮೆ ದಾರದಲ್ಲಿ ಪ್ರತಿ ಮುತ್ತಿನ ನಡುವೆ ಗಂಟು ಹಾಕಿಸಿ ಪೋಣಿಸಿ, ಹರಿದರೂ ಒಂದೇ ಉದುರುತ್ತದೆ. ಆಗಾಗ ಹಾಕುವ ಸರವನ್ನು ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಪೋಣಿಸಬೇಕು. ಗಂಟುಗಳ ನಡುವೆ ದಾರ ಕೊಳಕಾಗಿ, ಸಡಿಲವಾಗಿ ಕಂಡರೆ ಸಮಯವಾಯಿತು ಎಂದರ್ಥ. ವಜ್ರದ ಒಡವೆಗೆ ಬೇರೆಯೇ ಚೀಲ ಇರಲಿ, ಪಕ್ಕದಲ್ಲಿದ್ದ ಎಲ್ಲವನ್ನೂ ಅದು ಗೀರುತ್ತದೆ.

ಕಲ್ಲು ಬೀಳುವುದು ಹೇಳಿ ಕೇಳಿ ಅಲ್ಲ, ಆದರೆ ಮುನ್ಸೂಚನೆ ಇರುತ್ತದೆ. ತಿಂಗಳಿಗೊಮ್ಮೆ ಉಂಗುರದ ಮೇಲ್ಮೈಯನ್ನು ರೇಷ್ಮೆ ಸೀರೆಯ ಹಳೆಯ ತುಂಡಿಗೆ ಸವರಿ. ಎಳೆ ಸಿಕ್ಕಿಕೊಂಡರೆ ಪ್ರಾಂಗ್ ಎದ್ದಿದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಕಲ್ಲು ಸಡಿಲ. ಅವತ್ತೇ ಬಿಚ್ಚಿ, ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಅಕ್ಕಸಾಲಿಗರ ಬಳಿಗೆ ಒಯ್ಯಿರಿ. ದಾರಿಯಲ್ಲಿ ಕಳಚಿದರೂ ಕಲ್ಲು ಚೀಲದಲ್ಲೇ ಇರುತ್ತದೆ.